ಮೊದಲು ನೀರು ನಿಲ್ಲಿಸಿ, ಆಮೇಲೆ ಬಣ್ಣ ಹಚ್ಚಿ: 1972ರ ಟ್ರಕ್ ಕ್ಯಾಂಪರ್‌ಗೆ ಮರುಜೀವ ಕೊಟ್ಟ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಹಾಗಿದ್ರೆ ಮೊದಲು ಒಂದು ಶಬ್ದ ಕೇಳಿ.

[ಮರ ತಟ್ಟುವ ಶಬ್ದ: ಟಕ್ ಟಕ್, ಟಕ್ ಟಕ್, ದಬ್]

ಕೇಳಿಸ್ತಾ? ಮೊದಲ ನಾಲ್ಕು ಸಲ ಟಕ್ ಅಂತು. ಕೊನೇದು ದಬ್. ಆ ಒಂದು ‘ದಬ್’ ನನಗೆ ಎಂಟು ತಿಂಗಳ ಕೆಲಸ ಕೊಡ್ತು. ಇವತ್ತಿನ ಸಂಚಿಕೆ ಪೂರ್ತಿ ಅದರ ಬಗ್ಗೆನೇ.

ನಾನು ದಾವಣಗೆರೆಯವಳು. ಈಗ ಆರು ವರ್ಷದಿಂದ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೀನಿ. ಇಲ್ಲಿ ಅಕ್ಟೋಬರ್‌ಗೆ ಶುರುವಾದ ಮಳೆ ಮೇ ತಿಂಗಳವರೆಗೂ ಬಿಟ್ಟು ಬಿಟ್ಟು ಹೊಡೀತಾನೇ ಇರುತ್ತೆ. ನಮ್ಮ ಮಲೆನಾಡಿನ ಥರ ಧೋ ಅಂತ ಸುರಿಯಲ್ಲ. ಜಿನುಗುತ್ತೆ. ದಿನಗಟ್ಟಲೆ ಜಿನುಗುತ್ತೆ. ಈ ಜಿನುಗು ಮಳೆ ಕಥೆಗೆ ಮುಖ್ಯ, ನೆನಪಿಟ್ಕೊಳ್ಳಿ.

ಮೊದಲು ಟ್ರಕ್ ಕ್ಯಾಂಪರ್ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ಇಲ್ಲಿ ಪಿಕಪ್ ಟ್ರಕ್‌ಗಳು ಮನೆಮನೆಗೂ ಇವೆ. ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ಆ ತೊಟ್ಟಿಯೊಳಗೆ ಸರಿಯಾಗಿ ಕೂರೋ ಹಾಗೆ ಮಾಡಿದ ಪುಟ್ಟ ಮನೆಯೇ ಟ್ರಕ್ ಕ್ಯಾಂಪರ್. ಅದಕ್ಕೆ ಚಕ್ರ ಇಲ್ಲ, ಎಂಜಿನ್ ಇಲ್ಲ. ನಾಲ್ಕು ಮೂಲೆಗೆ ಜಾಕ್ ಕೊಟ್ಟು ಎತ್ತಿ ನಿಲ್ಲಿಸಿ, ಕೆಳಗೆ ಟ್ರಕ್ಕನ್ನು ಹಿಂದಕ್ಕೆ ತಂದು, ನಿಧಾನವಾಗಿ ಇಳಿಸಿದ್ರೆ ಕೂತ್ಕೊಳ್ಳುತ್ತೆ. ಚೈನು ಹಾಕಿ ಬಿಗೀಬೇಕು. ಟ್ರಕ್ಕಿನ ತಲೆ ಮೇಲೆ ಚಾಚಿಕೊಂಡಿರೋ ಭಾಗದಲ್ಲಿ ಹಾಸಿಗೆ, ಕೆಳಗೆ ಒಂದು ಒಲೆ, ಸಿಂಕು, ಎದುರುಬದುರು ಕೂರೋ ಬೆಂಚು, ನಡುವೆ ಮೇಜು. ಮೇಜು ಇಳಿಸಿದ್ರೆ ಅದೂ ಹಾಸಿಗೆ. ಅಷ್ಟೇ ಪ್ರಪಂಚ.

ಇದು ಇಲ್ಲಿನವರಿಗೆ ಹೊಸದೇನಲ್ಲ. 1950ರ ದಶಕದಲ್ಲೇ ಅಲಾಸ್ಕನ್ ಅನ್ನೋ ಕ್ಯಾಂಪರ್ ಬಂತು. ಅದರ ಛಾವಣಿ ಹೈಡ್ರಾಲಿಕ್ ಪಂಪಿನಿಂದ ಏರುತ್ತೆ, ಇಳಿಯುತ್ತೆ. 1960ರಲ್ಲಿ ಲೇಖಕ ಜಾನ್ ಸ್ಟೈನ್‌ಬೆಕ್ ಒಂದು ಜಿಎಂಸಿ ಪಿಕಪ್ ಮೇಲೆ ಕ್ಯಾಂಪರ್ ಕೂರಿಸಿಕೊಂಡು, ಜೊತೆಗೆ ಚಾರ್ಲಿ ಅನ್ನೋ ನಾಯಿ ಕರ್ಕೊಂಡು ದೇಶ ಸುತ್ತೋಕೆ ಹೊರಟರು. ಗಾಡಿಗೆ ರೊಸಿನಾಂಟೆ ಅಂತ ಹೆಸರಿಟ್ಟಿದ್ದರು. ಡಾನ್ ಕ್ವಿಕ್ಸೋಟ್‌ನ ಬಡಕಲು ಕುದುರೆಯ ಹೆಸರು ಅದು. ಆ ಪ್ರವಾಸದ ಪುಸ್ತಕ 1962ರಲ್ಲಿ ಬಂತು. ಅದೇ ವರ್ಷ ಅವರಿಗೆ ನೊಬೆಲ್ ಕೂಡ ಬಂತು. ಆ ಗಾಡಿ ಈಗಲೂ ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿರೋ ಸ್ಟೈನ್‌ಬೆಕ್ ಮ್ಯೂಸಿಯಂನಲ್ಲಿದೆ.

60, 70ರ ದಶಕದಲ್ಲಿ ಇಂಥ ಕ್ಯಾಂಪರ್‌ಗಳನ್ನ ದಂಡಿಯಾಗಿ ಮಾಡಿದರು. 1973ರಲ್ಲಿ ತೈಲ ಬಿಕ್ಕಟ್ಟು ಬಂದು ಪೆಟ್ರೋಲ್ ಬೆಲೆ ಏರಿದಾಗ ಈ ಉದ್ಯಮಕ್ಕೆ ದೊಡ್ಡ ಹೊಡೆತ ಬಿತ್ತು. ಆ ಕಾಲದ ಕ್ಯಾಂಪರ್‌ಗಳು ಇನ್ನೂ ಎಷ್ಟೋ ಮನೆಗಳ ಹಿತ್ತಲಲ್ಲಿ ಪಾಚಿ ಕಟ್ಟಿಕೊಂಡು ಕೂತಿವೆ. ಅಂಥದ್ದರಲ್ಲಿ ಒಂದು ನನ್ನ ಕೈಗೆ ಬಂತು.

ಯಾಕೆ ಬೇಕಿತ್ತು ಅಂತ ಕೇಳ್ತೀರಾ? ಅಪ್ಪ ದಾವಣಗೆರೆ ಬಸ್ ಡಿಪೋದಲ್ಲಿ ಬಾಡಿ ರಿಪೇರಿ ಕೆಲಸ ಮಾಡಿ ರಿಟೈರ್ ಆದವರು. 34 ವರ್ಷ ಬೇರೆಯವರು ಓಡಾಡೋ ಬಸ್ಸಿನ ತಗಡು ಬಡಿದರು, ಸೀಟು ಕೂರಿಸಿದರು, ಛಾವಣಿ ಸೋರೋದು ನಿಲ್ಲಿಸಿದರು. ಆದ್ರೆ ಸುಮ್ನೆ ಊರು ನೋಡೋಕೆ ಅಂತ ಅವರು ಬಸ್ ಹತ್ತಿದ್ದು ನಾನು ನೋಡೇ ಇಲ್ಲ. ಮದುವೆಗೆ ಹೋಗ್ತಿದ್ರು, ಸಾವಿಗೆ ಹೋಗ್ತಿದ್ರು. ಪ್ರವಾಸಕ್ಕೆ ಅಂತ ಇಲ್ಲ. ಅಪ್ಪ ಅಮ್ಮನಿಗೆ ವೀಸಾ ಬಂತು, ಮುಂದಿನ ಮೇ ತಿಂಗಳಿಗೆ ಟಿಕೆಟ್ ಬುಕ್ ಮಾಡಿದೆ. ಮಾಡಿದ ಮೂರೇ ವಾರಕ್ಕೆ ನನ್ನ ಆಫೀಸಿನಲ್ಲಿ ಅರ್ಧ ಟೀಮನ್ನ ಮನೆಗೆ ಕಳಿಸಿದರು. ನಾನು ಉಳ್ಕೊಂಡೆ, ಆದ್ರೆ ವಾರಕ್ಕೆ ಮೂರೇ ದಿನ ಕೆಲಸ, ಅಷ್ಟಕ್ಕೆ ಸಂಬಳ. ಮೂರು ಜನ ಹೋಟೆಲ್‌ನಲ್ಲಿ ಉಳ್ಕೊಂಡು ಊರು ಸುತ್ತೋ ಮಾತೇ ಇರ್ಲಿಲ್ಲ.

ಆಗ ಕಣ್ಣಿಗೆ ಬಿದ್ದಿದ್ದು ಆ ಜಾಹೀರಾತು. 1972ರ ಕ್ಯಾಂಪರ್, 700 ಡಾಲರ್. ‘ಸೋರಲ್ಲ’ ಅಂತ ಬರೆದಿತ್ತು. ನನ್ನ ಹತ್ರ ಹಳೇ ಪಿಕಪ್ ಮೊದಲೇ ಇತ್ತು. ಒಟ್ಟು ಬಜೆಟ್ 2,500 ಡಾಲರ್ ಅಂತ ಡೈರಿಲಿ ಬರೆದೆ, ಕೆಳಗೆ ಎರಡು ಗೀಟು ಎಳೆದೆ. ಆಗಸ್ಟ್‌ನಲ್ಲಿ ತಂದೆ. ಒಳಗಡೆ ಕಂದು ಪ್ಲೈವುಡ್, ಕಿತ್ತಳೆ ಬಣ್ಣದ ಪರದೆ, ಹಳೇ ಲೈಬ್ರರಿ ವಾಸನೆ.

ಈಗ ನನ್ನ ಮೊದಲನೇ ದಡ್ಡತನ ಹೇಳ್ತೀನಿ. ತಂದ ಮೂರು ವಾರದಲ್ಲಿ ನಾನು ಏನು ಮಾಡಿದೆ ಗೊತ್ತಾ? ಬಿಳಿ ಬಣ್ಣ ಹಚ್ಚಿದೆ. ಹೊಸ ಪರದೆ ಹೊಲಿದೆ. ಅಂಟಿಸೋ ಟೈಲ್ಸ್ ತಂದು ಒಲೆ ಹಿಂದೆ ಹಾಕಿದೆ. ಎಲ್‌ಇಡಿ ಸ್ಟ್ರಿಪ್ ಹಚ್ಚಿದೆ. 340 ಡಾಲರ್ ಖರ್ಚು. ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದೆ. ಹಾರ್ಟುಗಳೇ ಹಾರ್ಟುಗಳು. ಊರಿನ ಫ್ರೆಂಡ್ಸ್ ಎಲ್ಲ ‘ವಾವ್ ಕಣೇ’ ಅಂದ್ರು.

ಅಕ್ಟೋಬರ್ ಎರಡನೇ ವಾರ ಜಿನುಗು ಮಳೆ ಶುರುವಾಯ್ತು. ನಾಲ್ಕನೇ ದಿನ ಒಳಗೆ ಹೋಗಿ ನೋಡಿದ್ರೆ, ಮೇಲಿನ ಹಾಸಿಗೆ ಪಕ್ಕದ ಗೋಡೆಯ ಬಿಳಿ ಬಣ್ಣ ಗುಳ್ಳೆ ಎದ್ದಿದೆ. ಬೆರಳಲ್ಲಿ ಒತ್ತಿದೆ. ಗುಳ್ಳೆ ಒಡೆದು ಟೀ ಬಣ್ಣದ ನೀರು ಮೊಣಕೈ ತನಕ ಹರೀತು.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅವರು ಫೋನನ್ನ ಗೋಡೆ ಹತ್ರ ಹಿಡಿ ಅಂದ್ರು. ನೋಡಿ ಹೇಳಿದ್ದು ಇಷ್ಟೇ: ‘ಬಣ್ಣ ಯಾಕ ಹಚ್ಚಿದಿ? ಮೊದ್ಲು ತಟ್ಟಿ ನೋಡ್ಬೇಕಿತ್ತು. ಹಲಸಿನಹಣ್ಣು ತಗೊಳ್ಳೋವಾಗ ತಟ್ಟಲ್ವಾ, ಹಂಗೆ.’

ತಟ್ಟಿದೆ. ನೀವು ಶುರುವಿನಲ್ಲಿ ಕೇಳಿದ್ರಲ್ಲ, ಅದೇ. ಗಟ್ಟಿ ಮರ ಇರೋ ಕಡೆ ಟಕ್ ಅನ್ನುತ್ತೆ. ಒಳಗೆ ಲಡ್ಡು ಹಿಡಿದಿರೋ ಕಡೆ ದಬ್ ಅನ್ನುತ್ತೆ. ದಬ್ ಅಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕು ಅಂದ್ರು ಅಪ್ಪ. ಹಾಕ್ತಾ ಹೋದೆ. ಹಾಸಿಗೆ ಕೆಳಗೆ, ಕಿಟಕಿ ಕೆಳಗೆ, ಹಿಂಬಾಗಿಲ ಮೂಲೆ. ಸ್ಕ್ರೂಡ್ರೈವರ್ ಚುಚ್ಚಿದ್ರೆ ಮರಕ್ಕಲ್ಲ, ನೆನೆಸಿದ ಬ್ರೆಡ್‌ಗೆ ಚುಚ್ಚಿದ ಹಾಗೆ ಹೋಗ್ತಿತ್ತು.

ಆ ರಾತ್ರಿ ಅದನ್ನ ಗುಜರಿಗೆ ಹಾಕಿಬಿಡೋಣ ಅಂತಾನೇ ಇದ್ದೆ. ಆದ್ರೆ ಇಲ್ಲಿ ಇಂಥ ವಸ್ತು ಎಸೆಯೋಕೂ ನಾವೇ ದುಡ್ಡು ಕೊಡ್ಬೇಕು. ಜೊತೆಗೆ ಅಪ್ಪ ಬೆಳಗ್ಗೆ ಎದ್ದು ಅವರೇ ಫೋನ್ ಮಾಡಿದರು. ರಿಟೈರ್ ಆದ ಮೇಲೆ ಅವರ ದನಿಯಲ್ಲಿ ಅಂಥ ಹುರುಪು ನಾನು ಕೇಳಿರಲಿಲ್ಲ. ‘ಒಂದು ಕಡೆಯಿಂದ ಬಿಚ್ಚೋಣ. ದಿನಾ ಅರ್ಧ ತಾಸು ನನಗೆ ತೋರ್ಸು’ ಅಂದ್ರು. ಬಿಡೋಕೆ ಆಗ್ಲಿಲ್ಲ.

ಬಿಚ್ಚಿದ ಮೇಲೆ ಗೊತ್ತಾಯ್ತು, ಈ ಹಳೇ ಕ್ಯಾಂಪರ್ ಒಂದು ಸ್ಯಾಂಡ್‌ವಿಚ್. ಹೊರಗೆ ತೆಳ್ಳನೆ ಅಲ್ಯೂಮಿನಿಯಂ ತಗಡು. ಒಳಗೆ ತೆಳ್ಳನೆ ಪ್ಲೈವುಡ್. ನಡುವೆ ಸಣ್ಣ ಸಣ್ಣ ಮರದ ರೀಪುಗಳ ಚೌಕಟ್ಟು, ಖಾಲಿ ಜಾಗಕ್ಕೆ ಫೈಬರ್‌ಗ್ಲಾಸ್ ಹತ್ತಿ. ಅಲ್ಯೂಮಿನಿಯಂ ತುಕ್ಕು ಹಿಡಿಯಲ್ಲ, ಹಾಗಾಗಿ 50 ವರ್ಷ ಆದ್ರೂ ಹೊರಗಿಂದ ಚೆನ್ನಾಗೇ ಕಾಣುತ್ತೆ. ಮೋಸ ಇರೋದೇ ಅಲ್ಲಿ. ನೀರು ತಗಡಿನಿಂದ ಬರಲ್ಲ, ಜೋಡಣೆಯಿಂದ ಬರುತ್ತೆ. ಮೂಲೆಯ ಪಟ್ಟಿ, ಕಿಟಕಿಯ ಅಂಚು, ಛಾವಣಿಯ ಗಾಳಿಕಿಂಡಿ, ಮೇಲಿನ ಪುಟ್ಟ ದೀಪಗಳ ಸ್ಕ್ರೂ ತೂತು. ಅಲ್ಲೆಲ್ಲ ಆಗ ಹಾಕಿದ ಪುಟ್ಟಿ ಒಣಗಿ ಬಿಸ್ಕತ್ತಿನ ಥರ ಆಗಿರುತ್ತೆ. ಒಳಗೆ ಹೋದ ನೀರು ಆ ಹತ್ತಿಯಲ್ಲಿ ಕೂರುತ್ತೆ. ಆಚೆ ತಗಡು, ಈಚೆ ಪ್ಲೈವುಡ್, ಒಣಗೋಕೆ ದಾರಿನೇ ಇಲ್ಲ. ಮರ ನಿಧಾನಕ್ಕೆ ಸಾಯುತ್ತೆ.

ಇನ್ನೊಂದು ವಿಷಯ. ಕಲೆ ಕಂಡ ಜಾಗವೇ ಸೋರುವ ಜಾಗ ಅಲ್ಲ. ನನ್ನ ಹಾಸಿಗೆ ಪಕ್ಕದ ಗುಳ್ಳೆಗೆ ಕಾರಣ ಇದ್ದದ್ದು ನಾಲ್ಕು ಅಡಿ ಆಚೆ, ಛಾವಣಿಯ ಮುಂದಿನ ದೀಪದ ಹತ್ರ. ನೀರು ರೀಪಿನ ಮೇಲೆ ಹರ್ಕೊಂಡು ಬಂದು ಇಲ್ಲಿ ಇಳಿದಿತ್ತು. ಅಪ್ಪ ಡಿಪೋದಲ್ಲಿ ಮಾಡ್ತಿದ್ದ ಉಪಾಯ ಹೇಳಿಕೊಟ್ರು. ಪೈಪ್‌ನಲ್ಲಿ ನೀರು ಬಿಡೋದು ಕೆಳಗಿನಿಂದ ಶುರು ಮಾಡ್ಬೇಕು. ಮೊದಲು ಕೆಳಗಿನ ಜೋಡಣೆಗೆ ಹತ್ತು ನಿಮಿಷ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರ್ಬೇಕು. ಸೋರಲಿಲ್ಲ ಅಂದ್ರೆ ಒಂದಡಿ ಮೇಲೆ. ಹೀಗೆ ಏರ್ತಾ ಹೋದ್ರೆ ಯಾವ ಜೋಡಣೆ ಕಳ್ಳ ಅಂತ ಸಿಕ್ಕಿಬೀಳುತ್ತೆ. ಮೊದಲೇ ಛಾವಣಿ ಮೇಲೆ ಬಿಟ್ರೆ ಎಲ್ಲ ಕಡೆ ಒದ್ದೆ ಆಗುತ್ತೆ, ಏನೂ ಗೊತ್ತಾಗಲ್ಲ.

ಕೆಲಸ ಮಾಡೋಕೆ ಟೂಲ್ಸ್ ಎಲ್ಲಿಂದ? ಪೋರ್ಟ್‌ಲ್ಯಾಂಡ್‌ನಲ್ಲಿ ಟೂಲ್ ಲೈಬ್ರರಿಗಳಿವೆ. ಪುಸ್ತಕದ ಹಾಗೇ ಗರಗಸ, ಡ್ರಿಲ್ಲು, ಕ್ಲಾಂಪು ಎರವಲು ಕೊಡ್ತಾರೆ, ಆಯಾ ಬಡಾವಣೆಯವರಿಗೆ. ಮರ, ಸಿಂಕು, ಕೊಂಡಿ ಇಂಥವಕ್ಕೆ ಹಳೇ ಮನೆಗಳಿಂದ ಬಿಚ್ಚಿದ ಸಾಮಾನು ಮಾರೋ ಅಂಗಡಿಗಳಿವೆ. ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿಯವರ ರೀಸ್ಟೋರ್ ಅಂಥದ್ದೇ ಒಂದು. ನನ್ನ ಪ್ಲೈವುಡ್‌ನಲ್ಲಿ ಅರ್ಧ ಅಲ್ಲಿಂದ ಬಂದಿದ್ದು.

ಬಿಚ್ಚೋ ಮುಂಚೆ ಎರಡು ಎಚ್ಚರಿಕೆ. ಇಲ್ಲಿ ಮನೆಗಳಿಗೆ ಸೀಸದ ಬಣ್ಣ ಹಚ್ಚೋದನ್ನ ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದಿನದ್ದು ಅಂದ್ರೆ ಬಣ್ಣದಲ್ಲಿ ಸೀಸ ಇರಬಹುದು, ನೆಲದ ಹಾಸಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನ ಉಜ್ಜಿ ಧೂಳೆಬ್ಬಿಸಬೇಡಿ. ನಾನು ನೆಲ ಕೆರೆಯಲೇ ಇಲ್ಲ, ಗಟ್ಟಿಯಾಗಿತ್ತು, ಅದರ ಮೇಲೇ ಹೊಸ ಪದರ ಹಾಕಿದೆ. ಬೂಷ್ಟು ಹಿಡಿದ ಹತ್ತಿ ತೆಗೆಯೋವಾಗ ಎನ್95 ಮಾಸ್ಕ್, ಕೈಗವಸು, ಕನ್ನಡಕ. ಇನ್ನೊಂದು, ಪ್ರತಿ ತುಂಡು ಬಿಚ್ಚೋ ಮುಂಚೆ ಫೋಟೊ. ನನ್ನ ಫೋನಿನಲ್ಲಿ 900ಕ್ಕೂ ಹೆಚ್ಚು ಫೋಟೊ ಇದ್ವು, ಒಂದೂ ಇನ್‌ಸ್ಟಾಗ್ರಾಂಗೆ ಹೋಗೋ ಹಾಗಿರಲಿಲ್ಲ.

ಕೊಳೆತ ರೀಪನ್ನೇ ಅಳತೆಗೆ ಇಟ್ಕೊಂಡು ಹೊಸದನ್ನ ಕತ್ತರಿಸೋದು, ಅಂಟು ಹಚ್ಚಿ ಸ್ಕ್ರೂ ಹಾಕೋದು. ಎಲ್ಲ ರೀಪು ಒಟ್ಟಿಗೆ ತೆಗೀಬೇಡಿ, ಆಕಾರ ಹೋಗ್ಬಿಡುತ್ತೆ. ಒಂದು ತೆಗೆದು ಒಂದು ಹಾಕಿ. ಜೋಡಣೆಗಳಿಗೆ ಬ್ಯುಟೈಲ್ ಟೇಪ್ ಬಳಸಿದೆ. ಅದು ಚ್ಯೂಯಿಂಗ್ ಗಮ್ ಥರ ಮೆತ್ತಗಿರುತ್ತೆ, ವರ್ಷಗಟ್ಟಲೆ ಮೆತ್ತಗೇ ಇರುತ್ತೆ, ಗಾಡಿ ಅಲುಗಾಡಿದ್ರೂ ಬಿಟ್ಟುಕೊಳ್ಳಲ್ಲ. ಸಿಲಿಕೋನ್ ಮಾತ್ರ ಬೇಡ. ಹಳೇ ಮಾಲೀಕರು ಯಾರೋ ಸೋರಿದ ಕಡೆಯೆಲ್ಲ ಸಿಲಿಕೋನ್ ಬಳಿದಿದ್ರು. ಅದರ ಮೇಲೆ ಆಮೇಲೆ ಏನೂ ಅಂಟಲ್ಲ. ಬ್ಲೇಡ್ ಹಿಡಿದು ಅದನ್ನ ಕೆರೆಯೋಕೇ ನನಗೆ ಎರಡು ವಾರಾಂತ್ಯ ಹೋಯ್ತು.

ಈಗ ಭಾರದ ವಿಷಯ. ಇದು ಎರಡನೇ ದಡ್ಡತನ. ಪಿಕಪ್‌ನ ಡ್ರೈವರ್ ಬಾಗಿಲು ತೆಗೆದ್ರೆ ಒಂದು ಸ್ಟಿಕ್ಕರ್ ಇರುತ್ತೆ. ಜನ ಮತ್ತು ಸಾಮಾನು ಸೇರಿ ಎಷ್ಟು ಭಾರ ಹಾಕಬಹುದು ಅಂತ ಬರೆದಿರುತ್ತೆ. ನನ್ನದರಲ್ಲಿ 744 ಕಿಲೊ. ಕ್ಯಾಂಪರ್ ಭಾರ 522 ಕಿಲೊ ಅಂತ ಅದರ ಹಳೇ ಕಾಗದದಲ್ಲಿತ್ತು. 744ಕ್ಕಿಂತ 522 ಕಡಿಮೆ ಅಲ್ವಾ, ಆಯ್ತು ಅಂತ ತಗೊಂಡಿದ್ದೆ.

ಅಪ್ಪ ಒಂದಿನ ಕೇಳಿದರು, ‘ಜನ ಎಷ್ಟು, ನೀರು ಎಷ್ಟು, ಲೆಕ್ಕ ಹಾಕಿದ್ಯಾ?’ ಹಾಕಿದೆ. ನಾವು ಮೂರು ಜನ 190 ಕಿಲೊ. 20 ಗ್ಯಾಲನ್ ನೀರಿನ ಟ್ಯಾಂಕು ತುಂಬಿದ್ರೆ 76 ಕಿಲೊ. ತುಂಬಿದ ಗ್ಯಾಸ್ ಸಿಲಿಂಡರ್ 17. ಬಟ್ಟೆ, ಅಡುಗೆ ಸಾಮಾನು 18. ಕೂಡಿಸಿ. 823. ಮಿತಿಗಿಂತ 79 ಕಿಲೊ ಜಾಸ್ತಿ. ಬೆಟ್ಟದ ಇಳಿಜಾರಿನಲ್ಲಿ ಬ್ರೇಕಿನ ಮೇಲೆ, ಟೈರಿನ ಮೇಲೆ ಬೀಳೋ ಭಾರ ಅದು. ಮುಂದೆ ಕೂತಿರೋದು ನನ್ನ ಅಪ್ಪ ಅಮ್ಮ.

ಹಾಗಾಗಿ ರಿಪೇರಿ ಅನ್ನೋದು ಸೇರಿಸೋ ಕೆಲಸ ಅಲ್ಲ, ಕಳೆಯೋ ಕೆಲಸ ಆಯ್ತು. ಓವನ್ ಹೋಯ್ತು. ಹಳೇ ಹೀಟರ್ ಹೋಯ್ತು. ಫ್ರಿಜ್ ಹೋಯ್ತು, ಅದರ ಜಾಗಕ್ಕೆ ಐಸ್ ಪೆಟ್ಟಿಗೆ ಬಂತು. ನೀರಿನ ಟ್ಯಾಂಕು ಹೋಯ್ತು, ಐದು ಗ್ಯಾಲನ್‌ನ ಒಂದು ಕ್ಯಾನ್ ಬಂತು, 19 ಕಿಲೊ. ಕೆಲಸ ಮುಗಿದ ಮೇಲೆ ಲಾರಿಗಳು ತೂಕ ಹಾಕೋ ಹೆದ್ದಾರಿ ಸ್ಕೇಲ್‌ಗೆ ಹೋಗಿ, ಕ್ಯಾಂಪರ್ ಇಲ್ಲದೆ ಒಮ್ಮೆ, ಇಟ್ಟು ಒಮ್ಮೆ ತೂಗಿಸಿದೆ. ಕ್ಯಾಂಪರ್ 481 ಕಿಲೊ ಬಂತು. ಎಲ್ಲ ಸೇರಿ 725. ಉಳಿದದ್ದು 19 ಕಿಲೊ. ಅಮ್ಮ ಊರಿಂದ ತಂದ ಉಪ್ಪಿನಕಾಯಿ ಜಾಡಿಗಳಲ್ಲಿ ಎರಡು ಮಾತ್ರ ಗಾಡಿ ಹತ್ತಿದವು.

ಇನ್ನೊಂದು, ಭಾರ ಎಷ್ಟು ಅನ್ನೋದಷ್ಟೇ ಅಲ್ಲ, ಎಲ್ಲಿ ಬೀಳುತ್ತೆ ಅನ್ನೋದೂ ಮುಖ್ಯ. ಕ್ಯಾಂಪರ್‌ನ ಭಾರದ ಕೇಂದ್ರ ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಇರ್ಬೇಕು. ಹಿಂದೆ ಬಿದ್ರೆ ಟ್ರಕ್ಕಿನ ಮೂತಿ ಎದ್ದು ಸ್ಟಿಯರಿಂಗ್ ಹಗುರ ಆಗ್ಬಿಡುತ್ತೆ. ಎತ್ತಿನ ಗಾಡಿಗೆ ಹಿಂಭಾರ ಹಾಕಿದ್ರೆ ನೊಗ ಮೇಲೇಳೋದನ್ನ ನೋಡಿದವರಿಗೆ ಇದು ಹೇಳ್ಬೇಕಿಲ್ಲ.

ಈಗ ನಾನು ಒಂದು ರೂಪಾಯಿನೂ ಉಳಿಸೋಕೆ ಹೋಗದ ಜಾಗ. ಗ್ಯಾಸ್.

ಇಲ್ಲಿ ಕ್ಯಾಂಪರ್‌ಗಳಲ್ಲಿ ಬಳಸೋದು ಪ್ರೊಪೇನ್. ನಮ್ಮ ಮನೆ ಸಿಲಿಂಡರ್‌ನಲ್ಲಿ ಬ್ಯುಟೇನ್ ಕೂಡ ಇರುತ್ತೆ. ಆದ್ರೆ ಬ್ಯುಟೇನ್ ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಆವಿಯಾಗೋದು ನಿಲ್ಲಿಸುತ್ತೆ, ಪ್ರೊಪೇನ್ ಮೈನಸ್ 42ರವರೆಗೂ ಆಗುತ್ತೆ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದ್ರೆ ನೆಲದಲ್ಲಿ ಕೆರೆ ಥರ ನಿಲ್ಲುತ್ತೆ. ಅದಕ್ಕೆ ಸಿಲಿಂಡರ್ ಇಡೋ ಗೂಡು ಒಳಗಡೆಯಿಂದ ಪೂರ್ತಿ ಮುಚ್ಚಿರಬೇಕು, ಹೊರಗಡೆಗೆ ಕೆಳಭಾಗದಲ್ಲಿ ಕಿಂಡಿ ಇರಬೇಕು, ಗ್ಯಾಸ್ ಅಲಾರಂ ನೆಲದ ಹತ್ರ ಇರಬೇಕು.

ಆ ಹಳೇ ಹೀಟರ್ ಇತ್ತಲ್ಲ, ಅದಕ್ಕೆ ಹೊಗೆ ಹೊರಗೆ ಹೋಗೋ ಪೈಪೇ ಇರಲಿಲ್ಲ. ಉರಿದದ್ದೆಲ್ಲ ಮಲಗೋ ಕೋಣೆಗೇ. ಅಪ್ಪ ಅದನ್ನ ನೋಡಿ, ‘ಕಿಟಕಿ ತೆಗೆದಿಟ್ರೆ ಆತು ಬಿಡವಾ, ತೆಗೀಬೇಡ, ಅಲ್ಲಿ ಚಳಿ’ ಅಂದ್ರು. ಇಡೀ ಎಂಟು ತಿಂಗಳಲ್ಲಿ ನಾನು ಅಪ್ಪನ ಮಾತು ಮೀರಿದ್ದು ಅದೊಂದೇ ಸಲ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಅದು ಕೂತ್ಕೊಳ್ಳುತ್ತೆ, ಏಳಲ್ಲ. ಮಲಗಿದವರಿಗೆ ಎಚ್ಚರವೇ ಆಗಲ್ಲ. ಚಳಿ ಅಂತ ಒಲೆ ಹಚ್ಚಿಟ್ಟು ಮಲಗೋದೂ ಅಷ್ಟೇ ಅಪಾಯ. ನಾನು ಹೀಟರ್ ಕಿತ್ತೆ, ಮೂರು ದಪ್ಪ ರಜಾಯಿ ಇಟ್ಟೆ.

ಒಲೆಗೆ ಹೊಸ ರೆಗ್ಯುಲೇಟರ್, ಹೊಸ ಹೋಸ್ ತಂದು, ಲೈಸೆನ್ಸ್ ಇರೋ ಟೆಕ್ನೀಷಿಯನ್ ಹತ್ರ ಲೈನ್ ಪರೀಕ್ಷೆ ಮಾಡಿಸಿದೆ. ಕೊನೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡೋದು, ಅದನ್ನ ನೀವೂ ಮನೆಯಲ್ಲಿ ಮಾಡಬಹುದು. ಬೆಂಕಿಕಡ್ಡಿ ಗೀಚಿ ನೋಡೋದು ಮಾತ್ರ ಯಾವತ್ತೂ ಬೇಡ. ಗ್ಯಾಸ್ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ, ಹೊಗೆ ಅಲಾರಂ, ಒಂದು ಪುಟ್ಟ ಬೆಂಕಿ ಆರಿಸೋ ಸಿಲಿಂಡರ್. ನಾಲ್ಕೂ ಹೊಸವು. ಸೆಕೆಂಡ್ ಹ್ಯಾಂಡ್ ಅಲಾರಂ ತಗೋಬೇಡಿ, ಅವಕ್ಕೆ ಆಯಸ್ಸಿದೆ, ಹಿಂದೆ ದಿನಾಂಕ ಬರೆದಿರುತ್ತೆ.

ಕರೆಂಟ್ ವಿಷಯದಲ್ಲಿ ಯೂಟ್ಯೂಬ್ ನೋಡಿದ್ರೆ ತಲೆ ತಿರುಗುತ್ತೆ. ಸೋಲಾರ್, ಇನ್ವರ್ಟರ್, ಸಾವಿರಾರು ಡಾಲರ್. ನಾನು ಮೊದಲು ಲೆಕ್ಕ ಹಾಕಿದೆ. ಮೂರು ವಾಟಿನ ಮೂರು ದೀಪ, ನಾಲ್ಕು ಗಂಟೆ: 36 ವಾಟ್ ಅವರ್. 20 ವಾಟಿನ ಫ್ಯಾನು ಎಂಟು ಗಂಟೆ: 160. ಮೂರು ಫೋನ್ ಚಾರ್ಜಿಗೆ 45. ದಿನಕ್ಕೆ 241. 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1,280 ವಾಟ್ ಅವರ್ ಇರುತ್ತೆ. ಅಂದ್ರೆ ಐದು ದಿನ. ನಮ್ಮ ಪ್ರವಾಸ ನಾಲ್ಕು ದಿನದ್ದು. ಸೋಲಾರ್ ಬೇಕೇ ಇರ್ಲಿಲ್ಲ. ಮನೆಯಲ್ಲಿ ಚಾರ್ಜ್ ಮಾಡ್ಕೊಂಡು ಹೊರಟ್ರೆ ಸಾಕು. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿ. ಈ ಬ್ಯಾಟರಿನ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಹಾಳಾಗುತ್ತೆ.

ಸರಿ, ದುಡ್ಡಿನ ಲೆಕ್ಕ. ಡೈರಿ ತೆಗೆದು ಓದ್ತೀನಿ. ಕ್ಯಾಂಪರ್ 700. ಆ ಮೊದಲಿನ ಬಣ್ಣ, ಪರದೆ 340. ಮರ, ಪ್ಲೈವುಡ್ 410. ಬ್ಯುಟೈಲ್ ಟೇಪ್, ಸೀಲೆಂಟ್, ಸ್ಕ್ರೂ 265. ಗ್ಯಾಸ್ ಕೆಲಸ 290. ಅಲಾರಂಗಳು, ಬೆಂಕಿ ಆರಿಸೋದು 95. ಬ್ಯಾಟರಿ, ವೈರು, ದೀಪ, ಫ್ಯಾನು 380. ಫೋಮ್ ಹಾಸಿಗೆ 160. ಜಾಕ್ ರಿಪೇರಿ, ಬಿಗಿಯೋ ಚೈನು 220. ಒಟ್ಟು 2,860 ಡಾಲರ್. ಬಜೆಟ್‌ಗಿಂತ 360 ಜಾಸ್ತಿ. ಈಗ ನೋಡಿ, ಅದರಲ್ಲಿ 340 ಯಾವುದು? ಮೊದಲ ಮೂರು ವಾರದ ಚಂದ. ಆ ಬಣ್ಣ ಹಚ್ಚಿದ ಪ್ಲೈವುಡ್ ಪೂರ್ತಿ ಕಿತ್ತು ಎಸೆದೆ. ಪರದೆಗೆ ಬೂಷ್ಟು ಬಂತು.

ಇಡೀ ಸಂಚಿಕೆಯಲ್ಲಿ ನಿಮಗೆ ಒಂದೇ ಮಾತು ನೆನಪಿರೋದಾದ್ರೆ ಇದು ಇರ್ಲಿ. ದುಡ್ಡು ಕಡಿಮೆ ಇದ್ದಾಗ ಖರ್ಚಿನ ಕ್ರಮವೇ ಬಜೆಟ್. ಮೊದಲು ನೀರು. ಆಮೇಲೆ ಭಾರ. ಆಮೇಲೆ ಬೆಂಕಿ, ಗಾಳಿ. ಕೊನೆಗೆ ಉಳಿದ್ರೆ ಬಣ್ಣ. ಮೊದಲ ಮೂರು ಫೋಟೊದಲ್ಲಿ ಬೀಳಲ್ಲ, ಅವಕ್ಕೆ ಲೈಕ್ ಬರಲ್ಲ. ಆದ್ರೆ ನಿಮ್ಮವರು ಒಳಗೆ ನಿಶ್ಚಿಂತೆಯಿಂದ ಮಲಗೋದು ಅವುಗಳ ಮೇಲೆ.

‘ನಾವು ಕರ್ನಾಟಕದಲ್ಲಿ ಮಾಡಬಹುದಾ’ ಅಂತ ಕೆಲವರಿಗಾದ್ರೂ ಅನ್ನಿಸಿರುತ್ತೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ನೋಂದಣಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನ ಮಾರ್ಪಾಡು ಮಾಡೋ ಹಾಗಿಲ್ಲ. ಹಾಗಾಗಿ ಮೊದಲು ಆರ್‌ಟಿಒ ಹತ್ರ ಕೇಳಿ, ಆಮೇಲೆ ಗರಗಸ ಹಿಡೀರಿ. ಆದ್ರೆ ಈ ಕ್ರಮ ಇದೆಯಲ್ಲ, ಅದು ಅಜ್ಜನ ಹಳೇ ಮನೆಗೂ ನಡೆಯುತ್ತೆ. ಸೋರೋ ಹೆಂಚಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿದವರನ್ನ ನೀವೂ ನೋಡಿರ್ತೀರಿ.

ಕೊನೆಗೆ ಪ್ರವಾಸದ ಕಥೆ. ಮೇ ಕೊನೆಯಲ್ಲಿ ಅಪ್ಪ ಅಮ್ಮ ಬಂದರು. ಮನೆ ಒಳಗೆ ಬರೋ ಮುಂಚೆ, ಶೂ ಕೂಡ ಬಿಚ್ಚದೆ, ಅಪ್ಪ ಕ್ಯಾಂಪರ್ ಸುತ್ತ ಎರಡು ಸುತ್ತು ಹಾಕಿದರು. ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋದರು. ಟಕ್ ಟಕ್ ಟಕ್. ಹಿಂಬಾಗಿಲ ಹತ್ರ ಒಂದು ಕಡೆ ನಿಂತು ಎರಡು ಸಲ ತಟ್ಟಿದರು. ನನ್ನ ಎದೆ ಹೊಡ್ಕೊಂಡಿತು. ‘ಸ್ಕ್ರೂ ಸಡ್ಲ ಐತಿ’ ಅಂದ್ರು, ಅಷ್ಟೇ.

ಜೂನ್‌ನಲ್ಲಿ ಸಮುದ್ರದ ಕಡೆ ಹೋದ್ವಿ, ಕೇಪ್ ಪರ್ಪೆಚುವಾ ಹತ್ರ. ಮಂಡಿ ನೋವಿರೋ ಅವರಿಬ್ಬರಿಗೂ ಮೇಲಿನ ಹಾಸಿಗೆ ಹತ್ತೋಕಾಗಲ್ಲ ಅನ್ನೋದು ನನಗೆ ಮೊದಲೇ ಹೊಳೆದಿರಲಿಲ್ಲ ನೋಡಿ. ಮೇಜು ಇಳಿಸಿ ಅವರಿಗೆ ಕೆಳಗೆ ಹಾಸಿದೆ, ನಾನು ಮೇಲೆ ಹತ್ತಿದೆ. ಅಮ್ಮ ಆ ಒಂದಡಿ ಅಡುಗೆಕಟ್ಟೆಯಲ್ಲಿ ಬಾಗಿಲು, ಕಿಟಕಿ ಎರಡೂ ತೆಗೆದಿಟ್ಟು ಉಪ್ಪಿಟ್ಟು ಮಾಡಿದರು. ಟಾಯ್ಲೆಟ್ ಕ್ಯಾಂಪ್‌ಗ್ರೌಂಡ್‌ನದು, 50 ಹೆಜ್ಜೆ ದೂರ. ಅದಕ್ಕೆ ಅಮ್ಮನ ಗೊಣಗಾಟ ನಾಲ್ಕು ದಿನವೂ ಇತ್ತು, ಸುಳ್ಳು ಹೇಳಲ್ಲ.

ರಾತ್ರಿ ಒಂದು ಗಂಟೆಗೆ ಮಳೆ ಬಂತು. ಜಿನುಗಲಿಲ್ಲ. ಸಮುದ್ರದ ಗಾಳಿ ಜೊತೆ ಅಡ್ಡಡ್ಡ ಹೊಡೀತು. ತಗಡಿನ ಮೇಲೆ ಆ ಸದ್ದಿಗೆ ನನಗೆ ಎಚ್ಚರ ಆಯ್ತು. ಕಣ್ಣು ಬಿಟ್ಕೊಂಡು ಮಲಗಿದ್ದೆ, ಅಲ್ಲಾಡದೆ. ಕೆಳಗೆ ಅಪ್ಪ ಎದ್ದು ಕೂತದ್ದು ಗೊತ್ತಾಯ್ತು. ಫೋನಿನ ಟಾರ್ಚ್ ಹತ್ತಿತು. ಆ ಬೆಳಕು ಒಂದು ಮೂಲೆಯಿಂದ ಶುರುವಾಗಿ, ಕಿಟಕಿ ಕೆಳಗೆ ನಿಂತು, ಮೆಲ್ಲಗೆ ನನ್ನ ಹಾಸಿಗೆ ಪಕ್ಕದ ಗೋಡೆವರೆಗೂ ಬಂತು. ಅದರ ಹಿಂದೆ ಅವರ ಕೈ, ಗೋಡೆ ಸವರ್ತಾ.

ನಾನು ಕೇಳಿದೆ, ‘ಅಪ್ಪಾ, ಏನಾದ್ರೂ ಐತಾ?’

‘ಒಣಗಿದ್ದೈತಿ. ಮಲ್ಕೋ’ ಅಂದ್ರು. ಟಾರ್ಚ್ ಆರಿಸಿದರು. ಐದು ನಿಮಿಷಕ್ಕೆ ಅವರ ಗೊರಕೆ ಕೇಳಿಸ್ತು.

ಜುಲೈನಲ್ಲಿ ಕ್ರೇಟರ್ ಲೇಕ್‌ಗೂ ಹೋಗಿ ಬಂದ್ವಿ. ಸುಮಾರು 7,700 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ಬೆಟ್ಟವೇ ಕುಸಿದು ಆದ ಕೆರೆ ಅದು, 594 ಮೀಟರ್ ಆಳ. ಅಪ್ಪ ಅಂಚಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ನಿಂತು, ಕೆರೆಗೆ ಬೆನ್ನು ಹಾಕಿ, ಕ್ಯಾಂಪರ್ ಪಕ್ಕ ನನ್ನದೊಂದು ಫೋಟೊ ತೆಗಿ ಅಂದ್ರು. ಆ ಫೋಟೊದಲ್ಲಿ ಕ್ಯಾಂಪರ್ ಇನ್ನೂ 1972ರದ್ದೇ ಕಂದು ಗೆರೆಯಲ್ಲಿದೆ. ಬಣ್ಣ ಹಚ್ಚೋಕೆ ದುಡ್ಡು ಉಳಿದಿರಲಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ ದಬ್ ಅನ್ನೋ ಗೋಡೆ ಇದ್ರೆ, ಈ ಭಾನುವಾರ ಒಂದು ಪೆನ್ಸಿಲ್ ಹಿಡ್ಕೊಂಡು ತಟ್ಟಿ ನೋಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.